ಕೊಡೆ ಹಿಡಿದು ಬಂದ ಅಕ್ಕನಿಗೆ

ಕಳೆದ ಜುಲೈನ ಜಡಿಮಳೆಯಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಅಂಗನವಾಡಿಯ ಜಗಲಿಗೆ ಬಂದು ನಿಂತ ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಸಹಾಯಕಿ ರಜೆಯಲ್ಲಿದ್ದರು, ಒಲೆಯ ಮೇಲೆ ಸಾಂಬಾರು, 11 ಮಕ್ಕಳು, ನಾನೊಬ್ಬಳೇ. ಹೊಸದಾಗಿ ಸೇರಿದ 3 ವರ್ಷದ ಹುಡುಗ ಕಾಫಿ ತೋಟಕ್ಕೆ ಹೋದ ಅಮ್ಮನಿಗಾಗಿ ಬಿಕ್ಕುತ್ತಿದ್ದ.

ನೀವು ‘ಅಳಬೇಡ’ ಎನ್ನಲಿಲ್ಲ. ಕೊಡೆ ಮಡಚಿಟ್ಟು ಅವನ ಪಕ್ಕ ನೆಲದಲ್ಲೇ ಕುಳಿತು, ‘ಅಮ್ಮ ಬೇಕಲ್ಲವೇ ಕಂದಾ, ಊಟವಾದ ಮೇಲೆ ಬರುತ್ತಾರೆ’ ಎಂದಿರಿ. ಆಮೇಲೆ ಅವನ ಬೆರಳು ಹಿಡಿದು ಸೂರಿನಿಂದ ಬೀಳುವ ಹನಿಗಳನ್ನು ಎಣಿಸತೊಡಗಿದಿರಿ. ಎಣಿಕೆ ಏಳಕ್ಕೆ ಬರುವ ಹೊತ್ತಿಗೆ ಉಳಿದ ಮಕ್ಕಳೂ ದನಿಗೂಡಿಸಿದರು.

ಈ ವಯಸ್ಸಿಗೆ ಆಟವೇ ಪಾಠವೆಂದು ತರಬೇತಿಯಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ. ಅವನೀಗ ಮಳೆ ಬಂದರೆ ಸೂರಿನ ಕೆಳಗೆ ಓಡುತ್ತಾನೆ. ನಿಮಗೆ ಹೃತ್ಪೂರ್ವಕ ಧನ್ಯವಾದ. ಈ ದಾರಿಯಲ್ಲಿ ಬಂದರೆ ಒಳಗೆ ಬನ್ನಿ ಅಕ್ಕಾ.