ಕಿವಿ ಹಿಂದೆ ಒಂದು ಬೊಟ್ಟು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮದುವೆ ಸೀಸನ್ ಶುರುವಾಗುತ್ತಿದೆ. ಇನ್ನು ನಿಮ್ಮ ಪುರವಣಿಯಲ್ಲಿ ವಾರಕ್ಕೊಂದು ಪುಟ ವಧುವಿನ ಮೇಕಪ್ಪು, ಕೂದಲಿನ ಬಣ್ಣ, ಕೂದಲು ನೆಟ್ಟಗೆ ಮಾಡುವ ಸ್ಮೂದನಿಂಗ್ ಅಂತ ಬರುತ್ತದೆ. ಬರಲಿ, ನಾನೂ ಓದುತ್ತೇನೆ. ಆದರೆ ಕೂದಲಿಗೆ ಬಣ್ಣ ಹಚ್ಚುವ ಎರಡು ದಿನ ಮುಂಚೆ ಅಲರ್ಜಿ ಪರೀಕ್ಷೆ ಮಾಡಿಸಬೇಕು ಅನ್ನುವ ವಿಷಯ ಆ ಪುಟದಲ್ಲಿ ಯಾವಾಗಲೂ ಬಿಟ್ಟುಹೋಗುತ್ತದೆ. ಅದಕ್ಕೇ ಈ ಪತ್ರ.

ನಾನು ತುಮಕೂರಿನಲ್ಲಿ 19 ವರ್ಷದಿಂದ ಲೇಡೀಸ್ ಪಾರ್ಲರ್ ನಡೆಸುತ್ತಿದ್ದೇನೆ. ಎಸ್.ಎಸ್. ಪುರಂ ಕಡೆ, ಮೊದಲನೇ ಮಹಡಿ. ಎರಡು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್, ಕೆಲಸಕ್ಕೆ ಇಬ್ಬರು ಹುಡುಗಿಯರು. ಒಬ್ಬಳು ಗುಬ್ಬಿಯಿಂದ ಬಸ್ಸಿಗೆ ಬರುತ್ತಾಳೆ, ಇನ್ನೊಬ್ಬಳು ಕ್ಯಾತ್ಸಂದ್ರದವಳು. ನಮ್ಮದು ಎಸಿ ಹಾಕಿದ ದೊಡ್ಡ ಸಲೂನ್ ಅಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಕೈಯಿಂದ ಒಂದು ತಪ್ಪಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಒಂದು ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಒಬ್ಬ ಅಮ್ಮ ಬಂದರು. ಹಳೇ ಗಿರಾಕಿ, ಐಬ್ರೋ ಮಾಡಿಸಲು ತಿಂಗಳಿಗೊಮ್ಮೆ ಬರುವವರು. ಶನಿವಾರ ಸಂಜೆ ಮಗನ ರಿಸೆಪ್ಷನ್, ಭಾನುವಾರ ಬೆಳಗ್ಗೆ ಮುಹೂರ್ತ. ಬೀಗರ ಮುಂದೆ ಬಿಳಿ ಕೂದಲು ಕಾಣಬಾರದು, ಕಲರ್ ಹಚ್ಚಿಬಿಡು ಅಂದರು. ಮೊದಲು ಕಲರ್ ಮಾಡಿಸಿದ್ದೀರಾ ಅಂದೆ. ‘ಇಲ್ಲಮ್ಮ, ಮನೇಲಿ ಪ್ಯಾಕೆಟ್ ಮೆಹಂದಿ. ಆರು ವರ್ಷದಿಂದ ಹಚ್ಚುತ್ತಿದ್ದೀನಿ, ಏನೂ ಆಗಿಲ್ಲ’ ಅಂದರು. ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಒಂದು ಬೊಟ್ಟು ಬಣ್ಣ ಹಚ್ಚಿ ಎರಡು ದಿನ ನೋಡುವ ಪರೀಕ್ಷೆ) ಮಾಡಿ ಭಾನುವಾರ ಹಚ್ಚೋಣ ಅನ್ನಲು ಆಗುತ್ತದೆಯೇ? ಅವತ್ತೇ ಮದುವೆ. ನಾನು ಬಟ್ಟಲು ತೆಗೆದುಕೊಂಡೆ, ಕಲಸಿದೆ, ಹಚ್ಚಿದೆ. ಬಣ್ಣ ಚೆನ್ನಾಗಿಯೇ ಕೂತಿತ್ತು.

ಶನಿವಾರ ರಾತ್ರಿ ಹಣೆ ಅಂಚಿನಲ್ಲಿ ತುರಿಕೆ ಶುರುವಾಗಿದೆ. ಪೌಡರ್ ಹೆಚ್ಚಾಯಿತೇನೋ ಅಂತ ಅವರು ಸುಮ್ಮನಿದ್ದಾರೆ. ಭಾನುವಾರ ಬೆಳಗ್ಗೆ ಐದು ಗಂಟೆಗೆ ಅವರ ಸೊಸೆ, ದೊಡ್ಡ ಮಗನ ಹೆಂಡತಿ, ಫೋನ್ ಮಾಡಿದಳು. ಸ್ಕೂಟಿ ಹತ್ತಿ ಛತ್ರಕ್ಕೆ ಓಡಿದೆ. ರೆಪ್ಪೆ ಎರಡೂ ಊದಿ ಕಣ್ಣು ಗೀರಿನಷ್ಟು ಕಾಣುತ್ತಿತ್ತು. ಕಿವಿ ಕೆಂಪಗೆ ದಪ್ಪಗಾಗಿತ್ತು. ಕೂದಲು ಶುರುವಾಗುವ ಕಡೆ ಉದ್ದಕ್ಕೂ ಸಣ್ಣ ಗುಳ್ಳೆ, ನೀರು ಒಸರುತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದೆವು. ಧಾರೆ ಹೊತ್ತಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡೇ ಮಗನ ಪಕ್ಕ ನಿಂತಿದ್ದರು. ಆಲ್ಬಮ್ಮಿನಲ್ಲೂ ಹಾಗೇ ಇದ್ದಾರೆ. ನನ್ನನ್ನು ಬೈಯಲಿಲ್ಲ. ‘ನೀನಾದರೂ ಹೇಳಬಾರದಿತ್ತೇನಮ್ಮ’ ಅಂದರು, ಅಷ್ಟೇ.

ಅವತ್ತು ಅಂಗಡಿಗೆ ಬಂದು ಕಸದ ಬುಟ್ಟಿಯಿಂದ ಆ ಡಬ್ಬಿ ತೆಗೆದೆ. ಒಳಗೆ ಎಂಟು ಮಡಿಕೆ ಮಾಡಿದ ಚೀಟಿ ಇತ್ತು. ರಾಗಿ ಕಾಳಿನಷ್ಟು ಅಕ್ಷರ. ಹದಿನೈದು ವರ್ಷ ಅದೇ ಕೆಲಸ ಮಾಡಿ, ಆ ಚೀಟಿಯನ್ನು ಪೂರ್ತಿ ಓದಿದ್ದು ಅವತ್ತೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹೇರ್ ಡೈ ಡಬ್ಬಿಯ ಮೇಲೆ, ಒಳಗಿನ ಬಾಟಲಿಯ ಮೇಲೆ ಎಚ್ಚರಿಕೆ ಇರಲೇಬೇಕು ಅಂತ ನಮ್ಮ ದೇಶದ ಕಾನೂನೇ ಹೇಳುತ್ತದೆ. ಇಂಗ್ಲಿಷಿನಲ್ಲೂ ಇರಬೇಕು, ಸ್ಥಳೀಯ ಭಾಷೆಯಲ್ಲೂ ಇರಬೇಕು. ಹಚ್ಚುವ ಮೊದಲು ಪರೀಕ್ಷೆ ಮಾಡಿ, ರೆಪ್ಪೆಗೂ ಹುಬ್ಬಿಗೂ ಹಚ್ಚಬೇಡಿ, ಕಣ್ಣೇ ಹೋಗಬಹುದು ಅನ್ನುವುದು ಅದರ ಸಾರ. ಪರೀಕ್ಷೆ ಹೇಗೆ ಅನ್ನುವುದನ್ನೂ ಬರೆದಿರುತ್ತಾರೆ. ಕಿವಿ ಹಿಂದೆ ಅಥವಾ ಮುಂಗೈ ಒಳಮಗ್ಗುಲಲ್ಲಿ ಸೋಪು ಹಾಕಿ ತೊಳೆದು, ಕಲಸಿದ ಬಣ್ಣ ಒಂದು ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಡಬೇಕು. 24 ಗಂಟೆ ಆದ ಮೇಲೆ ತೊಳೆದು ನೋಡಬೇಕು. ಕೆಂಪಾಗಿಲ್ಲ, ಉರಿ ಇಲ್ಲ, ತುರಿಕೆ ಇಲ್ಲ ಅಂದರೆ ಮುಂದುವರಿಯಬಹುದು. ಅದೂ ಒಂದು ಸಲ ಮಾಡಿ ಮುಗಿಸುವುದಲ್ಲ, ಪ್ರತಿ ಸಲವೂ. ಕಂಪನಿಗಳು ಸಾಮಾನ್ಯವಾಗಿ 48 ಗಂಟೆ ಅನ್ನುತ್ತವೆ. ನಾನೂ 48 ಗಂಟೆಯನ್ನೇ ಹಿಡಿದಿದ್ದೇನೆ. ಈ ಅಲರ್ಜಿ ಕೂಡಲೇ ಬರುವುದಲ್ಲ, ಎಷ್ಟೋ ಸಲ ಎರಡನೇ ದಿನ ಬರುತ್ತದೆ. ಆ ಅಮ್ಮನಿಗೆ ಆದದ್ದೂ ಹಾಗೇ ಅಲ್ವಾ?

ಇದಕ್ಕೆಲ್ಲ ಕಾರಣ ಹೆಚ್ಚಾಗಿ ಪಿಪಿಡಿ ಅನ್ನುವ ರಾಸಾಯನಿಕ. ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೈನ್. ಕಪ್ಪು, ಕಡು ಕಂದು ಬಣ್ಣ ಗಟ್ಟಿಯಾಗಿ ನಿಲ್ಲುವುದು ಹೆಚ್ಚಾಗಿ ಇದರಿಂದಲೇ. ‘ಅಮೋನಿಯಾ ಇಲ್ಲದ್ದು ಹಚ್ಚಿ ಮೇಡಂ, ಅದು ಸೇಫ್’ ಅಂತ ದಿನಕ್ಕೆ ಇಬ್ಬರಾದರೂ ಹೇಳುತ್ತಾರೆ. ಅಮೋನಿಯಾ ಇಲ್ಲ ಅಂದರೆ ಮೂಗಿಗೆ ವಾಸನೆ ಕಡಿಮೆ, ಅಷ್ಟೇ. ಪಿಪಿಡಿ ಅದರಲ್ಲೂ ಇರಬಹುದು.

ಇನ್ನು ಆ ಪ್ಯಾಕೆಟ್ ಮೆಹಂದಿ. ಮೆಹಂದಿ ಸೊಪ್ಪಿನ ಬಣ್ಣ ಕೆಂಪು. ನಮ್ಮ ಅಜ್ಜಿಯರು ಕೈಗೆ ಗೋರಂಟಿ ಇಟ್ಟುಕೊಂಡಾಗ ಯಾರ ಕೈಯಾದರೂ ಕಪ್ಪಗಾಗಿತ್ತೇ? ನೀಲಿ (ಇಂಡಿಗೊ) ಸೊಪ್ಪಿನ ಪುಡಿ ಬಳಸಿ ಕಪ್ಪು ಮಾಡಬಹುದು, ಆದರೆ ಅದಕ್ಕೆ ಗಂಟೆಗಟ್ಟಲೆ ಕೂರಬೇಕು. ಅರ್ಧ ಗಂಟೆಯಲ್ಲಿ ಕಾಗೆ ರೆಕ್ಕೆ ಹಾಗೆ ಕಪ್ಪಾಯಿತು ಅಂದರೆ ಆ ಪ್ಯಾಕೆಟ್ಟಿನಲ್ಲಿ ಬೇರೆ ಏನೋ ಇದೆ. ಹಿಂದೆ ತಿರುಗಿಸಿ ಓದಿ. ಎಷ್ಟೋ ‘ಕಪ್ಪು ಮೆಹಂದಿ’ಗಳಲ್ಲಿ ಪಿಪಿಡಿಯೇ ಇರುತ್ತದೆ, ಮುಂದೆ ಮಾತ್ರ ಎಲೆ ಚಿತ್ರ. ಆ ಅಮ್ಮ ಆರು ವರ್ಷ ಹಚ್ಚಿದ್ದು ಅದನ್ನೇ. ಏನೂ ಆಗಿಲ್ಲ ಅಂತ ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಮೈ ಅಷ್ಟು ವರ್ಷ ತಡೆದುಕೊಂಡು ಒಂದು ದಿನ ತಿರುಗಿ ಬೀಳಬಹುದು. ಹಳೇ ಗಿರಾಕಿಗೆ ಟೆಸ್ಟ್ ಬೇಡ ಅನ್ನುವ ಹಾಗಿಲ್ಲ.

ಹುಡುಗಿಯರದ್ದು ಬೇರೆ ಕತೆ. ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಬೂದಿ ಬಣ್ಣದ ಹೈಲೈಟ್ಸ್ ಬೇಕು, ನಾಳಿದ್ದು ಎಂಗೇಜ್‌ಮೆಂಟ್. ನಮ್ಮ ಕೂದಲು ಕಪ್ಪು. ಅದನ್ನು ಬ್ಲೀಚ್ ಮಾಡಿದರೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಹಳದಿ ದಾಟಿದ ಮೇಲೇ ಬೂದಿ ಕೂರುವುದು. ಬಿಳಿ ಕೂದಲು ಮುಚ್ಚಲು 20 ವಾಲ್ಯೂಮ್ ಡೆವಲಪರ್ (ಬಣ್ಣದ ಜೊತೆ ಕಲಸುವ ದ್ರವ), ಅಂದರೆ 6% ಪೆರಾಕ್ಸೈಡ್, ಸಾಕು. ಬೇಗ ಆಗಲಿ ಅಂತ 40 ವಾಲ್ಯೂಮ್, ಅಂದರೆ 12%, ಕಲಸಿ ನೆತ್ತಿಗೆ ಹಚ್ಚುವವರನ್ನು ನಾನು ಕಂಡಿದ್ದೇನೆ. ಕೂದಲು ತೆಂಗಿನ ನಾರಾಗುತ್ತದೆ, ನೆತ್ತಿ ಸುಡುತ್ತದೆ.

‘ಮೊದಲು ತಲೆಗೆ ಏನು ಹಚ್ಚಿದ್ದೀಯಮ್ಮ?’ ಅಂದರೆ ‘ಬರೀ ಕೊಬ್ಬರಿ ಎಣ್ಣೆ ಆಂಟಿ’ ಅನ್ನುತ್ತಾರೆ. ಎಲ್ಲರದ್ದೂ ಅದೇ ಉತ್ತರ. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ತನಕ ಜಡೆ ಇದ್ದರೆ ಅದರ ತುದಿಯಲ್ಲಿ ಐದಾರು ವರ್ಷದ ಹಿಂದೆ, ಹೈಸ್ಕೂಲಿನಲ್ಲಿ ಹಚ್ಚಿದ ಕಪ್ಪು ಮೆಹಂದಿ ಇನ್ನೂ ಕೂತಿರುತ್ತದೆ. ಅವಳು ಮರೆತಿರುತ್ತಾಳೆ, ಕೂದಲು ಮರೆತಿರುವುದಿಲ್ಲ. ಅದಕ್ಕೆ ನಾನು ಜಡೆಯ ಒಳಗಿನಿಂದ ಹತ್ತು ಎಳೆ ಕತ್ತರಿಸಿ, ಸೆಲ್ಲೋ ಟೇಪಿನಲ್ಲಿ ಕಟ್ಟಿ, ಗಾಜಿನ ಬಟ್ಟಲಲ್ಲಿ ಬ್ಲೀಚಿನೊಳಗೆ ಇಡುತ್ತೇನೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬಟ್ಟಲೇ ನಿಜ ಹೇಳುತ್ತದೆ. ಒಂದು ಸಲ ಬಟ್ಟಲು ಬಿಸಿಯಾಗಿಬಿಟ್ಟಿತ್ತು. ಹಿಂದೆ ಹಚ್ಚಿದ ಮೆಹಂದಿ ಪುಡಿಯಲ್ಲಿ ಲೋಹದ ಉಪ್ಪು ಬೆರೆತಿದ್ದರೆ ಹಾಗಾಗುತ್ತದೆ. ಅದೇ ತಲೆ ಮೇಲೆ ಆಗಿದ್ದರೆ?

ನೀರಿನ ಮಾತೂ ಇದೆ. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬಂದ ದಿನ ಕಲರ್ ಒಂದು ಥರ ಕೂರುತ್ತದೆ, ಬೋರ್‌ವೆಲ್ ನೀರಿನ ದಿನ ಇನ್ನೊಂದು ಥರ. ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟಿಸುವ ನೀರು ಕೂದಲನ್ನು ಬಿಡುತ್ತದೆಯೇ? ಪಾವಗಡ, ಮಧುಗಿರಿ ಕಡೆಯಿಂದ ಬರುವವರ ಕೂದಲು ಮುಟ್ಟಿದರೇ ಗೊತ್ತಾಗುತ್ತದೆ. ಇರಲಿ, ಅದು ಬೇರೆ ಪತ್ರದ ವಿಷಯ.

ಸ್ಮೂದನಿಂಗ್ ಬಗ್ಗೆ ಹೇಳದಿದ್ದರೆ ಪತ್ರ ಅರ್ಧವೇ ಆಗುತ್ತದೆ. ಜನ ಸ್ಮೂದನಿಂಗ್, ಕೆರಾಟಿನ್ ಎರಡೂ ಒಂದೇ ಅಂದುಕೊಂಡಿದ್ದಾರೆ. ಸ್ಮೂದನಿಂಗ್ ಕ್ರೀಮ್ ಕೂದಲಿನ ಒಳಗಿನ ಗಂಧಕದ ಕೊಂಡಿಗಳನ್ನು ಬಿಚ್ಚುತ್ತದೆ. ಆ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಇಸ್ತ್ರಿ ಎಳೆದು ನೆಟ್ಟಗೆ ಮಾಡಿ, ನ್ಯೂಟ್ರಲೈಸರ್ ಹಚ್ಚಿ ಕೊಂಡಿಯನ್ನು ಮತ್ತೆ ಕಟ್ಟುತ್ತೇವೆ. ಕ್ರೀಮ್ ಹತ್ತು ನಿಮಿಷ ಜಾಸ್ತಿ ಬಿಟ್ಟರೆ ಕೂದಲು ನೆನೆದ ಶಾವಿಗೆ. ಕೆರಾಟಿನ್ ಹಾಗಲ್ಲ, ಅದು ಮೇಲೆ ಲೇಪ ಕೂರಿಸುವ ಕೆಲಸ. ಅಂಥ ಕೆಲವು ಬಾಟಲಿಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕಾಲೇಜು ಲ್ಯಾಬಿನಲ್ಲಿ ಕಪ್ಪೆ ಇಟ್ಟಿರುವ ನೀರು ನೆನಪಿದೆಯಾ? ಅದೇ. 200 ಡಿಗ್ರಿ ದಾಟಿದ ಇಸ್ತ್ರಿ ಎಳೆದಾಗ ಹೊಗೆಯಾಗಿ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ಅದರ ಬದಲಿಗೆ ಗ್ಲೈಆಕ್ಸಿಲಿಕ್ ಆಸಿಡ್ ಹಾಕಿದ್ದೂ ಬಂತು. 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ 26 ವರ್ಷದ ಹೆಂಗಸೊಬ್ಬರ ವಿಷಯ ಬಂತು. ಅಂಥದ್ದನ್ನು ಹಚ್ಚಿಸಿಕೊಂಡ ಮೂರು ಸಲವೂ ಆಕೆಯ ಕಿಡ್ನಿಗೆ ಪೆಟ್ಟು ಬಿದ್ದಿತ್ತು.

ಗಿರಾಕಿ ವರ್ಷಕ್ಕೆ ಒಂದು ಸಲ ಆ ಹೊಗೆ ಕುಡಿಯುತ್ತಾಳೆ. ನನ್ನ ಗುಬ್ಬಿ ಹುಡುಗಿ ದಿನಾ ಕುಡಿಯುತ್ತಿದ್ದಳು. ಒಂದು ಸೀಸನ್ನಿನಲ್ಲಿ ಅವಳ ಕೆಮ್ಮು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ತರಿಸುವ ಬಾಟಲಿಯನ್ನು ಅವತ್ತೇ ಬಿಟ್ಟೆ. ಬೈಕಿನಲ್ಲಿ ಬಂದು ಲೇಬಲ್ ಇಲ್ಲದ ಲೀಟರ್ ಬಾಟಲಿಯನ್ನು ಅರ್ಧ ರೇಟಿಗೆ ಕೊಡುವವರು ಈಗಲೂ ಬರುತ್ತಾರೆ. ಮೆಟ್ಟಿಲಿನಿಂದಲೇ ವಾಪಸ್ ಕಳಿಸುತ್ತೇನೆ.

ಮೇಕಪ್ ಬಗ್ಗೆ ನನ್ನದು ಒಂದೇ ದೂರು. ಮಗಳನ್ನು ಬೆಳ್ಳಗೆ ಮಾಡಿ ಅನ್ನಬೇಡಿ. ನಮ್ಮ ತಾತ ಹಳ್ಳಿ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ, ದೂರ ಕೂತವರಿಗೆ ಕಾಣಬೇಕಾದ ಧರ್ಮರಾಯನಿಗೆ ಅಷ್ಟು ಬಿಳಿ ಬೇಕಿತ್ತು. ಮದುವೆ ಹೆಣ್ಣಿಗೆ ಯಾಕೆ? ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಅದರ ಮೇಲೆ ಬಿಳಿ ಪೌಡರ್ ಜಾಸ್ತಿಯಾದರೆ ಫ್ಲ್ಯಾಶ್ ಬಿದ್ದ ಕೂಡಲೇ ಮುಖ ಸುಣ್ಣ ಬಳಿದ ಗೋಡೆ. ಫೌಂಡೇಶನ್ನನ್ನು ದವಡೆ ಅಂಚಿಗೆ ಹಚ್ಚಿ, ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ನೋಡಿ ಆರಿಸಬೇಕು.

ಈಗ ನಾನು ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಆ ಮದುವೆಯಾದ ಮೇಲೆ ಟೆಸ್ಟ್ ಇಲ್ಲದೆ ನಾನು ಕಲರ್ ಹಚ್ಚಿಲ್ಲ. ಮೊನ್ನೆ ಮಂಗಳವಾರ ತಾಯಿ ಮಗಳು ಇಬ್ಬರು ಬಂದರು. ಕಿವಿ ಹಿಂದೆ ಬೊಟ್ಟು ಇಡುತ್ತೇನೆ, ಗುರುವಾರ ಬನ್ನಿ ಅಂದೆ. ‘ನಿಮಗೆ ಕಾನ್ಫಿಡೆನ್ಸ್ ಇಲ್ವಾ?’ ಅಂತ ಕೇಳಿ ಎದುರು ರಸ್ತೆಗೆ ಹೋದರು. ಅಲ್ಲಿ ಒಂದೂವರೆ ಗಂಟೆಯಲ್ಲಿ ಆಯಿತು. ಅವರಿಗೆ ಏನೂ ಆಗಲಿಲ್ಲ, ವಿಚಾರಿಸಿದೆ. ಜಾಸ್ತಿ ಜನಕ್ಕೆ ಏನೂ ಆಗುವುದೇ ಇಲ್ಲ. ತೊಂದರೆ ಇರುವುದೇ ಅಲ್ಲಿ. ಟೆಸ್ಟ್ ಕೇಳುವವಳು ಕೆಲಸ ಗೊತ್ತಿಲ್ಲದವಳು, ಕೇಳದೆ ಹಚ್ಚುವವಳು ಚುರುಕು ಅಂತಾಗಿಬಿಟ್ಟಿದೆ. ನಾನೊಬ್ಬಳೇ ಹಟ ಹಿಡಿದರೆ ಈ ಸೀಸನ್ನಿನಲ್ಲಿ ನನ್ನ ಬಾಡಿಗೆ ಹುಟ್ಟುವುದಿಲ್ಲ. ಬಿ.ಎಚ್. ರಸ್ತೆಯ ದೊಡ್ಡ ಸಲೂನಿನಿಂದ ಹಿಡಿದು ಮನೆಯ ಮುಂದಿನ ರೂಮಿನಲ್ಲಿ ಪಾರ್ಲರ್ ಇಟ್ಟ ಅಕ್ಕಂದಿರ ತನಕ ಎಲ್ಲರೂ ‘ಎರಡು ದಿನ ಮುಂಚೆ ಬನ್ನಿ’ ಅಂದುಬಿಟ್ಟರೆ ಗಿರಾಕಿ ಎಲ್ಲಿಗೆ ಹೋಗುತ್ತಾಳೆ?

ಗಿರಾಕಿಗಳಿಗೂ ಒಂದು ಮಾತು. ಬೊಟ್ಟಿಗೆ ದುಡ್ಡಿಲ್ಲ. ಅಪಾಯಿಂಟ್‌ಮೆಂಟೂ ಬೇಡ. ತರಕಾರಿಗೆ ಬಂದಾಗ ಮೆಟ್ಟಿಲು ಹತ್ತಿ ಬನ್ನಿ, ಐದು ನಿಮಿಷ. ಮನೆಯಲ್ಲಿ ಹಚ್ಚುವ ಪ್ಯಾಕೆಟ್ ಯಾವುದಿದ್ದರೂ ಜೊತೆಗೆ ತನ್ನಿ, ನಾನು ಬೈಯುವುದಿಲ್ಲ. ನಾವು ಹಚ್ಚುವ ಡಬ್ಬಿಯನ್ನೂ ತೋರಿಸಿ ಅಂತ ಕೇಳಿ. ತೋರಿಸದ ಕಡೆ ಕೂರಬೇಡಿ.

ಸಂಪಾದಕರೇ, ಆ ಅಲಂಕಾರದ ಪುಟದ ಮೂಲೆಯಲ್ಲಿ ಈ ಎರಡು ದಿನದ ವಿಷಯ ನಾಲ್ಕು ಸಾಲು ಹಾಕಿ. ಅಕ್ಷರ ರಾಗಿ ಕಾಳಿಗಿಂತ ದೊಡ್ಡದಿರಲಿ.

ನನ್ನ ಹೆಸರು ಮಾತ್ರ ಬೇಡ. ಆ ಅಮ್ಮನ ಮನೆಗೆ ನಿಮ್ಮ ಪೇಪರೇ ಬರುವುದು. ಐಬ್ರೋ ಮಾಡಿಸಲು ಈಗಲೂ ನನ್ನ ಹತ್ತಿರವೇ ಬರುತ್ತಾರೆ. ಕೂದಲನ್ನು ಹಾಗೇ ಬೆಳ್ಳಗೆ ಬಿಟ್ಟಿದ್ದಾರೆ. ಹೆಸರು ಹಾಕದಿದ್ದರೂ ಓದಿದ ಕೂಡಲೇ ಇದು ನಾನೇ ಅಂತ ಅವರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ.

– ಪಾರ್ಲರ್ ನಡೆಸುವವಳು, ತುಮಕೂರು