ನಕಲು ಮಾಡುವ ಹಳೆಯ ಸಹೋದ್ಯೋಗಿ: ಪುಟ್ಟಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ನಿನ್ನ ಉದ್ದನೆಯ ಮೆಸೇಜು ಓದಿದೆ. ಹಳೆಯ ಆಫೀಸಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದವಳು ಈಗ ನಿನ್ನ ಹಾಗೇ ಸೋಪು ಮಾಡಿ ಮಾರುತ್ತಿದ್ದಾಳೆ, ನೀನು ಏನು ಹೊಸದು ತಂದರೂ ವಾರದೊಳಗೆ ಅವಳೂ ತರುತ್ತಾಳೆ ಅಂತ ಬರೆದಿದ್ದೀಯ. ಸಿಟ್ಟು ಬರದೆ ಇರುತ್ತದಾ? ಕೇಸು ಹಾಕೋಣ ಅಂತ ನಿಮ್ಮಪ್ಪ ಕುಣಿಯುತ್ತಿದ್ದಾನಂತೆ. ಸ್ವಲ್ಪ ತಾಳು ಅಂತ ಅವನಿಗೆ ಹೇಳು.

ಎಲ್ಲದಕ್ಕೂ ‘ಕದ್ದಳು’ ಅಂತ ಬರೆದಿದ್ದೀಯಲ್ಲ, ಅದನ್ನು ಬಿಡಿಸಿ ನೋಡಬೇಕು. ಖಾಲಿ ಬಾಟಲಿ ವಾಪಸ್ ತಂದವರಿಗೆ ರಿಯಾಯಿತಿ, ತಿಂಗಳಿಗೊಂದು ಹೊಸ ಪರಿಮಳ, ಇವೆಲ್ಲ ಐಡಿಯಾಗಳು. ಐಡಿಯಾಗೆ ಕಾಪಿರೈಟ್ ಇಲ್ಲ. ಬರಹ, ಹೆಸರು, ಆವಿಷ್ಕಾರಗಳ ಹಕ್ಕಿನ ಬಗ್ಗೆ ದೇಶಗಳು ಮಾಡಿಕೊಂಡ 1994ರ ಟ್ರಿಪ್ಸ್ ಒಪ್ಪಂದದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಹಕ್ಕು ಸಿಗುವುದು ಐಡಿಯಾವನ್ನು ನೀನು ಬರೆದ ರೀತಿಗೆ, ತೋರಿಸಿದ ರೀತಿಗೆ; ಐಡಿಯಾಗಾಗಲಿ, ಮಾಡುವ ವಿಧಾನಕ್ಕಾಗಲಿ ಅಲ್ಲ. ಆ ಬಾಟಲಿ ಯೋಜನೆಯನ್ನು ನೀನೂ ಬೇರೆ ಯಾರದೋ ನೋಡಿ ಶುರು ಮಾಡಿದ್ದು, ಅಲ್ವಾ? ಅದನ್ನು ಬಿಟ್ಟುಬಿಡು.

ಆದರೆ ನಿನ್ನ ಸೋಪಿನ ವಿವರಣೆಯನ್ನು ಅವಳು ಹಾಗೇ ಎತ್ತಿ ಹಾಕಿದ್ದಾಳೆ, ನಿನ್ನ ಕಾಗುಣಿತದ ತಪ್ಪೂ ಸೇರಿ! ನೀನು ತೆಗೆದ ಫೋಟೋಗಳನ್ನೂ ಹಾಕಿಕೊಂಡಿದ್ದಾಳೆ. ಅದು ಬೇರೆ ಲೆಕ್ಕ. ಕಾಪಿರೈಟ್ ಬಗ್ಗೆ ದೇಶಗಳ ನಡುವೆ 1886ರಲ್ಲಿ ಶುರುವಾದ ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ ಬರಹಕ್ಕೂ ಫೋಟೋಗೂ ನೋಂದಣಿ ಇಲ್ಲದೆಯೇ ಕಾಪಿರೈಟ್ ಬರುತ್ತದೆ. ಮೊದಲು ಸಾಕ್ಷಿ ಕೂಡಿಡು. ಎರಡೂ ಪುಟಗಳ ಸ್ಕ್ರೀನ್‌ಶಾಟ್ ತೆಗೆ, ದಿನಾಂಕ ಕಾಣುವ ಹಾಗೆ. ಆ ತಪ್ಪನ್ನು ತಿದ್ದುವ ಮುಂಚೆಯೇ ತೆಗೆ, ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದಿಲ್ಲ. ಫೋಟೋಗಳ ಮೂಲ ಫೈಲು ಅಳಿಸಬೇಡ. ಆಮೇಲೆ ಅವಳಿಗೊಂದು ಚಿಕ್ಕ ಮೆಸೇಜು: ‘ಈ ಬರಹ, ಫೋಟೋಗಳು ನನ್ನವು. ಶುಕ್ರವಾರದೊಳಗೆ ತೆಗೆದುಬಿಡು.’ ಅಷ್ಟೇ. ಗೆಳೆತನ, ದ್ರೋಹ, ಕಣ್ಣೀರು ಯಾವುದೂ ಬೇಡ. ಮುಂದೆ ಯಾರೋ ವಕೀಲರು ಓದುತ್ತಾರೆ ಅಂದುಕೊಂಡೇ ಬರೆ. ತೆಗೆಯದಿದ್ದರೆ ಅವಳು ಮಾರುತ್ತಿರುವ ಆನ್‌ಲೈನ್ ತಾಣಕ್ಕೇ ದೂರು ಕೊಡು. ದೊಡ್ಡ ತಾಣಗಳಲ್ಲಿ ಅದಕ್ಕೆಂದೇ ಒಂದು ಫಾರಂ ಇರುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ನಿನ್ನ ಅಂಗಡಿಯ ಹೆಸರಿನದು. ಇನ್ನೂ ಟ್ರೇಡ್‌ಮಾರ್ಕ್ ಮಾಡಿಸಿಲ್ಲ, ಅಂದರೆ ಆ ಹೆಸರು ನಿನ್ನದೇ ಅಂತ ನೋಂದಾಯಿಸಿಲ್ಲ. ಎಷ್ಟೋ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವರದೇ ಹೆಸರು. ಅವಳು ಮೊದಲು ಹಾಕಿಬಿಟ್ಟರೆ ನಿನ್ನ ಹೆಸರಿಗಾಗಿ ನೀನೇ ಓಡಾಡಬೇಕು. ಟ್ರೇಡ್‌ಮಾರ್ಕಿಗೆ ಒಟ್ಟು 45 ವರ್ಗಗಳಿವೆ, ಮೈಗೆ ಹಚ್ಚುವ ಸೋಪು ಬರುವುದು 3ನೆಯದರಲ್ಲಿ. ಈ ವಾರವೇ ವಿಚಾರಿಸು.

ಇನ್ನೊಂದು ಮಾತು ನಿನಗೆ ಹಿಡಿಸಲಿಕ್ಕಿಲ್ಲ. ವಾರದೊಳಗೆ ಅವಳಿಗೆ ಎಲ್ಲ ಗೊತ್ತಾಗುವುದು ಹೇಗೆ? ನೀನೇ ಹೇಳುತ್ತಿದ್ದೀಯಲ್ಲ! ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಮುಂದಿನ ತಿಂಗಳ ಪರಿಮಳ ಯಾವುದಿರಲಿ ಅಂತ ಕೇಳುತ್ತೀಯ. ವ್ಯಾಪಾರದ ಗುಟ್ಟಿಗೆ ಕಾನೂನು ಕಾವಲು ನಿಲ್ಲಬೇಕಾದರೆ, ಅದನ್ನು ಗುಟ್ಟಾಗಿಡಲು ನೀನೂ ಏನಾದರೂ ಮಾಡಿರಬೇಕು. ಯಾರಿಂದ ಎಣ್ಣೆ ತರಿಸುತ್ತೀಯ, ಯಾವುದನ್ನು ಎಷ್ಟು ಹಾಕುತ್ತೀಯ ಅನ್ನುವುದು ಇನ್ನು ಮುಂದೆ ಯಾರ ಕಿವಿಗೂ ಬೀಳಬಾರದು. ಗಿರಾಕಿಗಳ ಪಟ್ಟಿಯೂ ಅಷ್ಟೇ. ಹೊಸ ಮಾಲು ಮಾರಾಟಕ್ಕೆ ಬಂದ ದಿನವೇ ಜನರಿಗೆ ಗೊತ್ತಾಗಲಿ.

ಅವಳ ಹೆಸರು ಹಾಕಿ ‘ಕಳ್ಳಿ’ ಅಂತ ಎಲ್ಲೂ ಬರೆಯಬೇಡ. ಮಾನನಷ್ಟದ ನೋಟಿಸು ನಿನ್ನ ಮನೆಗೇ ಬಂದೀತು. ಅದೂ ಅಲ್ಲದೆ, ನಿನ್ನ ಗಿರಾಕಿಗಳೇ ಅವಳ ಅಂಗಡಿ ಹೇಗಿದೆ ಅಂತ ಸುಮ್ನೆ ಹೋಗಿ ನೋಡುತ್ತಾರೆ. ಬಿಟ್ಟಿ ಜಾಹೀರಾತು ಯಾಕೆ ಕೊಡುತ್ತೀಯ? ದಿನಾ ರಾತ್ರಿ ಅವಳ ಪುಟ ತೆರೆದು ನೋಡುವುದನ್ನೂ ನಿಲ್ಲಿಸು. ತಿಂಗಳಿಗೊಮ್ಮೆ ಸಾಕು. ಹೀಗೇ ಬಿಟ್ಟರೆ ಅವಳು ಏನು ಮಾಡುತ್ತಾಳೋ ನೋಡಿಕೊಂಡು ನೀನು ಸೋಪು ಮಾಡುವ ಹಾಗಾಗುತ್ತದೆ.

ಕೊನೆಗೆ, ಹಳೆಯ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರು ಹುಡುಕು. ಅಲ್ಲಿಯ ಗಿರಾಕಿಗಳನ್ನು ಸಂಪರ್ಕಿಸಬಾರದು, ಅಲ್ಲಿಯ ಮಾಹಿತಿ ಬಳಸಬಾರದು ಅಂತೇನಾದರೂ ಅದರಲ್ಲಿದೆಯಾ ನೋಡು. ವಕೀಲರ ತನಕ ಹೋದರೆ, ನೀನು ಆ ಕರಾರು ಪಾಲಿಸಿದ್ದೀಯಾ ಅಂತ ಅವಳ ಕಡೆಯವರು ನಿನ್ನನ್ನೇ ಕೇಳುತ್ತಾರೆ. ಆ ಕಾಗದ ಸಿಕ್ಕರೆ ಫೋಟೋ ತೆಗೆದು ಕಳಿಸು, ಓದಿ ಹೇಳುತ್ತೇನೆ. ಹೆಸರಿನ ಅರ್ಜಿ ಮಾತ್ರ ಅದಕ್ಕಾಗಿ ಕಾಯುವುದು ಬೇಡ.

ಇಂತಿ ನಿನ್ನ,
ಅತ್ತೆ