ನ್ಯಾಕ್ ತಂಡ ಹೋದ ಮೇಲೆ ಸಂಘಕ್ಕೂ ಬೀಗ

ಮಾನ್ಯ ಸಂಪಾದಕರೇ,

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಹತ್ತಿರವಾದಾಗಲೇ ನಮ್ಮ ಅನೇಕ ವಿಶ್ವವಿದ್ಯಾಲಯಗಳಿಗೆ ಹಳೆಯ ವಿದ್ಯಾರ್ಥಿಗಳ ನೆನಪಾಗುವುದು. ನೋಂದಾಯಿತ ಸಂಘ ಇದೆಯೇ ಎಂದು ಅಲ್ಲಿ ಕೇಳುತ್ತಾರಲ್ಲ! ತರಾತುರಿಯಲ್ಲಿ ಏಳು ಮಂದಿಯ ಸಹಿ ಹಾಕಿಸಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಹುಟ್ಟಿಸಿ, ಒಂದು ಸಮ್ಮಿಲನ ನಡೆಸಿ ಗ್ರೂಪ್ ಫೋಟೊ ತೆಗೆಸುತ್ತಾರೆ. ತಂಡ ಹೋಯಿತೆಂದರೆ ವಾರ್ಷಿಕ ಸಭೆಯೂ ಇಲ್ಲ, ಸಂಘಗಳ ರಿಜಿಸ್ಟ್ರಾರರಿಗೆ ಲೆಕ್ಕಪತ್ರವೂ ಇಲ್ಲ.

ಸಂಘದ ಜೀವ ಇರುವುದು ಸದಸ್ಯರ ಪಟ್ಟಿಯಲ್ಲಿ. ಕೊನೆಯ ಸೆಮಿಸ್ಟರ್‌ನಲ್ಲಿ ತುಂಬಿಸಿಕೊಳ್ಳುವ ಫಾರ್ಮ್ ನೋಡಿ: ಹಾಸ್ಟೆಲ್ ವಿಳಾಸ, ಕ್ಯಾಂಪಸ್‌ನ ಇಮೇಲ್. ಹಾಸ್ಟೆಲ್ ಬಿಟ್ಟ ದಿನ ಮೊದಲನೆಯದು ಸತ್ತಿತು. ಖಾತೆ ನಿಲ್ಲಿಸಿದ ದಿನ ಎರಡನೆಯದು. ಮದುವೆಯಾದ ಮೇಲೆ ಹಲವರ ಹೆಸರೂ ಬದಲಾಗುತ್ತದೆ. ಅದಕ್ಕೇ ಸ್ವಂತ ಇಮೇಲ್, ಸ್ವಂತ ಮೊಬೈಲ್, ಜೊತೆಗೆ ಊರಿನ ಮನೆಯದೊಂದು ಸಂಖ್ಯೆ ಪಡೆದು, ಎಲ್ಲವನ್ನೂ ಪರೀಕ್ಷೆಯ ರಿಜಿಸ್ಟರ್ ನಂಬರಿಗೆ ಜೋಡಿಸಬೇಕು, ಹೆಸರಿಗಲ್ಲ. ಒಂದೇ ಬ್ಯಾಚಿನಲ್ಲಿ ಮೂವರು ಮಂಜುನಾಥರಿರುವ ನಾಡು ನಮ್ಮದು.

ಈ ವಿವರ ತಾಜಾ ಮಾಡಿಕೊಳ್ಳಲು ಪದವೀಧರರು ತಾವಾಗಿ ಬರುವ ಹೊತ್ತೇ ಸರಿ. ಘಟಿಕೋತ್ಸವದ ಅರ್ಜಿ ಒಂದು. ವಿದೇಶಕ್ಕೆ ಹೊರಟವರು ಟ್ರಾನ್ಸ್‌ಕ್ರಿಪ್ಟ್‌ಗೆ (ಅಂಕಗಳ ದೃಢೀಕೃತ ದಾಖಲೆಗೆ) ಬರುವುದು ಇನ್ನೊಂದು. ಆ ಕೌಂಟರಿನಲ್ಲಿ ಒಂದು ಪುಟದ ಫಾರ್ಮ್ ಇಡಲು ಸಂಘಕ್ಕೆ ಅನುಮತಿ ಕೊಟ್ಟರೆ ಸಾಕು.

ಎಲ್ಲರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ತುಂಬುವುದು ಮತ್ತೊಂದು ತಪ್ಪು. 1,024 ಮಂದಿಗೆ ಗುಂಪು ಭರ್ತಿ. ಅದಕ್ಕೂ ಮುಂಚೆಯೇ ಶುಭೋದಯದ ಹೂವುಗಳ ಕಾಟಕ್ಕೆ ಅರ್ಧಕ್ಕರ್ಧ ಜನ ಮ್ಯೂಟ್ ಮಾಡಿರುತ್ತಾರೆ. ವಿಭಾಗ, ವರ್ಷದ ಪ್ರಕಾರ 50–60 ಜನರ ಗುಂಪು, ತಲಾ ಇಬ್ಬರು ಪ್ರತಿನಿಧಿಗಳು. ಸಂಘ ಮಾತಾಡುವುದು ಪ್ರತಿನಿಧಿಗಳ ಜೊತೆ ಮಾತ್ರ. ಇಬ್ಬರೇಕೆಂದರೆ, ಒಬ್ಬರು ಕೆಲಸ ಬದಲಿಸಿ ಸುಮ್ಮನಾಗುವುದು ಖಚಿತ.

ದೇಣಿಗೆಯ ವಿಷಯದಲ್ಲಂತೂ ಪಟ್ಟಿಯಲ್ಲಿ ಒಂದು ಕಾಲಂ ಇಲ್ಲದಿರುವುದು ಸಂಘವನ್ನೇ ಸಂಕಟಕ್ಕೆ ಸಿಕ್ಕಿಸಬಲ್ಲದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲಿ ದುಡಿಯುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಬೇಕು. ಹಣ ಮೊದಲು ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ, ಊರಿನ ಉಳಿತಾಯ ಖಾತೆಗಲ್ಲ. ಬ್ಯಾಚಿನ ಬೆಳ್ಳಿಹಬ್ಬದ ಉತ್ಸಾಹದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸದಸ್ಯತ್ವದ ಅರ್ಜಿಯಲ್ಲೇ ಪೌರತ್ವ ಯಾವುದು ಎಂಬ ಕಾಲಂ ಇರಲಿ.

– ಹಳೆಯ ವಿದ್ಯಾರ್ಥಿಗಳ ಸಂಘವೊಂದರ ಪದಾಧಿಕಾರಿಗಳು, ಮೈಸೂರು